ಕಾರವಾರದ ಐಎನ್‌ಎಸ್ ಚಪಲ್: ನೋಡಲೇಬೇಕಾದ ಯುದ್ಧನೌಕೆ ಸಂಗ್ರಹಾಲಯ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ನೌಕೆಯನ್ನು ನೋಡಲು ಹೆಚ್ಚು ಹೊತ್ತು ಬೇಕಾಗದಿದ್ದರೂ, ನೌಕಾಪಡೆಯ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಇದನ್ನು ತಪ್ಪಿಸಿಕೊಳ್ಳಬಾರದು. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾಗಿ 1976ರಲ್ಲಿ ನೌಕಾಪಡೆಗೆ ಸೇರಿದ ಈ ನೌಕೆ 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಸಂಗ್ರಹಾಲಯವಾಯಿತು. 1971ರ ಭಾರತ-ಪಾಕಿಸ್ತಾನ ಯುದ್ಧದ ಕರಾಚಿ ದಾಳಿಯಲ್ಲಿ ಇದೂ ಪಾಲ್ಗೊಂಡಿತ್ತೆಂದು ಹಲವರು ಹೇಳುವುದುಂಟು; ಅದು ಸರಿಯಲ್ಲ. ಆ ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹಾರಿಸಿದವು ನಿಪಾತ್, ನಿರ್ಘಾತ್ ಮತ್ತು ವೀರ್. ಅವು ಓಸಾ ಎಂಬ ಸೋವಿಯತ್ ಕ್ಷಿಪಣಿ ದೋಣಿಗಳ ಮಾದರಿಯವು; ಚಪಲ್ ಅದೇ ಮಾದರಿಯ ಸುಧಾರಿತ ರೂಪ.

ಸುಮಾರು 39 ಮೀಟರ್ ಉದ್ದದ ಈ ಪುಟ್ಟ ಒಡಲಿನ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡುಗಳು, ಹಿಂದೆ ಮುಂದೆ ಜೋಡಿ ನಳಿಕೆಯ 30 ಮಿ.ಮೀ. ಫಿರಂಗಿಗಳು ಇವೆ. ಒಳಗೆ ಸಮವಸ್ತ್ರ ತೊಟ್ಟ ಬೊಂಬೆಗಳ ನಡುವೆ ಮೈ ಹಿಡಿಮಾಡಿಕೊಂಡು ಸಾಗುವಾಗ, ಇಷ್ಟು ಇಕ್ಕಟ್ಟಿನಲ್ಲಿ ನಾವಿಕರು ಹೇಗೆ ದುಡಿದರೆಂಬುದು ಮನವರಿಕೆಯಾಗುತ್ತದೆ. ಯಾವ ಛಾಯಾಚಿತ್ರವೂ ಇದನ್ನು ತಿಳಿಸಲಾರದು.

ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಇಂಥ ನೌಕೆಗೆ ನಿರಂತರ ಆರೈಕೆ ಬೇಕು. ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದ ವಿಮಾನವಾಹಕ ನೌಕೆ, ಮೊದಲ ವಿಕ್ರಾಂತ್ 2014ರಲ್ಲಿ ಗುಜರಿಗೆ ಮಾರಾಟವಾದದ್ದನ್ನು ನೆನೆದರೆ, ಚಪಲ್ ಉಳಿದಿರುವುದು ನಮ್ಮ ಕರಾವಳಿಯ ಭಾಗ್ಯವೆಂದೇ ನನ್ನ ಭಾವನೆ. ಮಕ್ಕಳನ್ನು ಅಗತ್ಯವಾಗಿ ಕರೆದುಕೊಂಡು ಹೋಗಿ.