ರಿಫ್ಟ್, ವೈವ್, ಪಿಎಸ್‌ವಿಆರ್: ಮಲೆನಾಡಿನ ಮನೆಗೆ ಯಾವುದು ಹೊಂದುತ್ತದೆ?

ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಆಟದ ಲೋಕದೊಳಗೇ ಇದ್ದಂತೆ ಆಡುವ ಸಾಧನ) ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವುದರ ಚಿತ್ರ ಚೆನ್ನಾಗಿದೆ" ಅಂತ. 2016ರಲ್ಲಿ ಬಂದ ಆಕ್ಯುಲಸ್ ರಿಫ್ಟ್, ಎಚ್‌ಟಿಸಿ ವೈವ್, ಸೋನಿಯ ಪಿಎಸ್‌ವಿಆರ್ (ಪ್ಲೇಸ್ಟೇಷನ್ ವಿಆರ್) ಈ ಮೂರರ ಮಟ್ಟಿಗೆ ಆ ಪ್ರಶ್ನೆಯಿಂದ ಏನೂ ಬಗೆಹರಿಯುವುದಿಲ್ಲ. ಇವತ್ತಿನ ಕಣ್ಣಿಗೆ ಮೂರೂ ಸಾಧಾರಣವೇ. ಕೊಟ್ಟ ದುಡ್ಡು ವಸೂಲಾಗುತ್ತದೋ ಇಲ್ಲವೋ ಎನ್ನುವುದು ನಿಮ್ಮ ಮನೆಯಲ್ಲಿ ಈಗಾಗಲೇ ಯಾವ ಯಂತ್ರ ಇದೆ, ಕೋಣೆ ಎಷ್ಟು ಅಗಲ, ಮಳೆಗಾಲದಲ್ಲಿ ಕರೆಂಟಿನ ಗತಿ ಏನು ಎಂಬುದರ ಮೇಲೆ ನಿಂತಿದೆ. ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯಲ್ಲೂ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲೂ ಆಡಿಸಿ ನೋಡಿ ಬರೆದ ಹೋಲಿಕೆ ಇದು.

ಮೊದಲು ಬೆಲೆ. ರಿಫ್ಟ್ ಮಾರ್ಚ್ ಕೊನೆಗೆ 599 ಡಾಲರ್‌ಗೆ ಬಂತು. ಜೊತೆಗೆ ಕೊಟ್ಟದ್ದು ಮಾಮೂಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್. ಕೈ ಬೀಸಿ ಆಡುವ ಟಚ್ ಕಂಟ್ರೋಲರ್ ಡಿಸೆಂಬರ್‌ನಲ್ಲಿ ಬಂತು, ಅದಕ್ಕೆ ಬೇರೆ 199. ಅಲ್ಲಿಗೆ ಲೆಕ್ಕ ಏಪ್ರಿಲ್‌ನಲ್ಲಿ ಬಂದ ವೈವ್‌ನ 799ಕ್ಕೆ ಸಮವಾಯಿತು. ವೈವ್ 2017ರಲ್ಲಿ ಭಾರತಕ್ಕೆ ಬಂದಾಗ 92,990 ರೂಪಾಯಿ. ಅದರ ಮೇಲೆ, ಎರಡಕ್ಕೂ ಜಿಟಿಎಕ್ಸ್ 970 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಪಿಎಸ್‌ವಿಆರ್ ಅಕ್ಟೋಬರ್‌ನಲ್ಲಿ 399ಕ್ಕೆ ಬಂತು. ಕ್ಯಾಮೆರಾ, ಕೈ ಬೀಸಿ ಆಡುವ ಎರಡು ಮೂವ್ ಕಂಟ್ರೋಲರ್ ಸೇರಿದ ಸೆಟ್ 499. ಇದಕ್ಕೆ ಸೋನಿಯ ಗೇಮ್ ಯಂತ್ರ ಪಿಎಸ್4 (ಪ್ಲೇಸ್ಟೇಷನ್ 4) ಒಂದಿದ್ದರೆ ಸಾಕು. ಅಂದಿನ ಬೆಲೆಗೆ ಯೋಗ್ಯವಾಗಿದ್ದದ್ದು ಇದೊಂದೇ, ಅದೂ ಪಿಎಸ್4 ಇದ್ದವರಿಗೆ. ರಿಫ್ಟ್ ಕೊಳ್ಳುವ ಹಾಗಾದದ್ದು 2017ರ ಅಕ್ಟೋಬರ್ ಹೊತ್ತಿಗೆ ಟಚ್ ಸೇರಿ 399ಕ್ಕೆ ಇಳಿದ ಮೇಲೆ.

ಪರದೆಯ ವಿಷಯ ಬೇಗ ಮುಗಿಸೋಣ. ರಿಫ್ಟ್, ವೈವ್ ಎರಡರಲ್ಲೂ ಒಂದೊಂದು ಕಣ್ಣಿಗೆ 1080×1200 ಚುಕ್ಕೆ (ಪಿಕ್ಸೆಲ್), 90 ಹರ್ಟ್ಸ್, ಅಂದರೆ ಸೆಕೆಂಡಿಗೆ 90 ಚಿತ್ರ. ಪಿಎಸ್‌ವಿಆರ್‌ನಲ್ಲಿ 960×1080 ಮಾತ್ರ. ಆದರೆ ಅದರ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಇರುವುದರಿಂದ ಸೊಳ್ಳೆಪರದೆ ಹಿಂದಿನಿಂದ ನೋಡಿದಂತಾಗುವ ತೊಂದರೆ ಕಡಿಮೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದರೆ ರಿಫ್ಟ್‌ನಲ್ಲೂ ವೈವ್‌ನಲ್ಲೂ ಬೆಳಕು ಗೆರೆಗೆರೆಯಾಗಿ ಹರಡುತ್ತದೆ. ಅದು ಉಂಗುರ ಉಂಗುರವಾಗಿ ಗೀರಿದ ತೆಳು ಫ್ರೆನೆಲ್ ಲೆನ್ಸಿನ ಗುಣ, ಒರೆಸಿದರೆ ಹೋಗುವುದಿಲ್ಲ. ಕನ್ನಡಕದವರಿಗೆ ಪಿಎಸ್‌ವಿಆರ್ ಹಿತ: ಗುಂಡಿ ಒತ್ತಿ ಮುಂದಿನ ಭಾಗವನ್ನು ಮುಂದಕ್ಕೆ ಎಳೆದು ಹಾಕಿಕೊಳ್ಳಬಹುದು. ರಿಫ್ಟ್‌ನಲ್ಲಿ ಅಗಲದ ಫ್ರೇಮು ಲೆನ್ಸಿಗೆ ತಗುಲಿ ಗೀರು ಬೀಳುತ್ತದೆ.

ನಿಜವಾದ ವ್ಯತ್ಯಾಸ ಇರುವುದು ನಿಮ್ಮ ತಲೆ, ಕೈ ಎಲ್ಲಿವೆ ಎಂದು ಪತ್ತೆ ಹಚ್ಚುವ ರೀತಿಯಲ್ಲಿ. ವೈವ್‌ಗೆ ಎರಡು ಬೇಸ್ ಸ್ಟೇಷನ್, ಅಂದರೆ ಲೇಸರ್ ಬೀರುವ ಡಬ್ಬ. ಅವನ್ನು ಎದುರುಬದುರು ಮೂಲೆಗಳಲ್ಲಿ, 2 ಮೀಟರ್‌ಗಿಂತ ಎತ್ತರದಲ್ಲಿ, 30ರಿಂದ 45 ಡಿಗ್ರಿ ಕೆಳಮುಖವಾಗಿ, ನಡುವೆ 5 ಮೀಟರ್ ಮೀರದಂತೆ ಕೂರಿಸಬೇಕು. ಓಡಾಡಿ ಆಡಲು ಕನಿಷ್ಠ 2 × 1.5 ಮೀಟರ್ ಖಾಲಿ ಜಾಗ ಬೇಕು. ಹಳೇ ಮನೆಯ ಮಣ್ಣಿನ ಗೋಡೆಗೆ ಸ್ಕ್ರೂ ಹಿಡಿಯುವುದಿಲ್ಲ ಅಂತ ತೊಲೆಗೆ ಕಟ್ಟಿದರೆ ಇನ್ನೊಂದು ಕಾಟ: ಒಳಗೆ ತಿರುಗುವ ಮೋಟಾರು ಕೋಣೆಯನ್ನೆಲ್ಲ ಲೇಸರ್‌ನಿಂದ ಗುಡಿಸುವಂಥ ಯಂತ್ರ ಅದು, ಅಟ್ಟದ ಮೇಲೆ ಯಾರಾದರೂ ಅಡಿಕೆ ಮೂಟೆ ಎಳೆದರೆ ತೊಲೆ ಅದುರಿ ಲೆಕ್ಕ ತಪ್ಪುತ್ತದೆ, ಕಣ್ಣೆದುರು ಬರೀ ಬೂದು ಬಣ್ಣ. ನೆಲಕ್ಕೂ ತೊಲೆಗೂ ನಡುವೆ ಬಿಗಿಯಾಗಿ ನಿಲ್ಲಿಸಿದ ಕಂಬವೂ ಅದೇ ಕಾರಣಕ್ಕೆ ಬೇಡ. ಭಾರದ ಅಡಿ ಇರುವ ಟ್ರೈಪಾಡ್ ವಾಸಿ. ಗಾಜಿನ ಶೋಕೇಸು, ನಿಲುವುಗನ್ನಡಿ ಇದ್ದರೆ ಬೆಡ್‌ಶೀಟು ಮುಚ್ಚಿ, ಇಲ್ಲದಿದ್ದರೆ ಆಟದೊಳಗಿನ ಕೈಗಳು ತಾವಾಗಿಯೇ ನಡುಗುತ್ತವೆ. ಇಷ್ಟೆಲ್ಲ ಆದ ಮೇಲೆ ವೈವ್‌ನ ಪತ್ತೆಗೆ ಸಾಟಿ ಇಲ್ಲ. ಬೆನ್ನು ತಿರುಗಿಸಿ ಬಗ್ಗಿದರೂ ಕೈ ಕಳೆದುಹೋಗುವುದಿಲ್ಲ.

ರಿಫ್ಟ್‌ನ ಸೆನ್ಸರುಗಳು (ಕ್ಯಾಮೆರಾ ಥರದವು) ಮೇಜಿನ ಮೇಲೇ ನಿಲ್ಲುತ್ತವೆ, ಗೋಡೆ ಕೊರೆಯುವ ಕೆಲಸವಿಲ್ಲ. ಆದರೆ ಪ್ರತಿಯೊಂದಕ್ಕೂ ಕಂಪ್ಯೂಟರ್‌ವರೆಗೆ ಯುಎಸ್‌ಬಿ ವೈರು ಎಳೆಯಬೇಕು. ಎರಡೇ ಸೆನ್ಸರ್ ಮುಂದಿಟ್ಟರೆ, ಹಿಂದೆ ತಿರುಗಿದಾಗ ಮೈ ಅಡ್ಡ ಬಂದು ಕೈ ಮಾಯ. ಸುತ್ತಲೂ ಆಡಬೇಕೆಂದರೆ ಮೂರನೆಯದು ಬೇಕು. ಎಲ್ಲವನ್ನೂ ಒಂದೇ ಯುಎಸ್‌ಬಿ 3.0 ಕಂಟ್ರೋಲರಿಗೆ (ಕಂಪ್ಯೂಟರ್ ಒಳಗೆ ಪೋರ್ಟುಗಳನ್ನು ನಡೆಸುವ ಚಿಪ್ಪಿಗೆ) ಚುಚ್ಚಿದರೆ ಅದು ತಾಳದೆ ಸೆನ್ಸರ್ ಆಗಾಗ ಬಿಟ್ಟುಹೋಗುತ್ತದೆ. ಒಂದನ್ನು 2.0 ಪೋರ್ಟಿಗೆ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಪಿಎಸ್‌ವಿಆರ್‌ನದು ತೀರಾ ಸರಳ, ಅಷ್ಟೇ ದುರ್ಬಲ: ಟಿವಿ ಹತ್ತಿರದ ಒಂದೇ ಕ್ಯಾಮೆರಾ ಹೆಡ್‌ಸೆಟ್‌ನ ನೀಲಿ ದೀಪಗಳನ್ನು ನೋಡುತ್ತಿರುತ್ತದೆ. ನಿಮ್ಮ ಬೆನ್ನ ಹಿಂದೆ ತೆರೆದ ಕಿಟಕಿ ಇದ್ದರೆ ದಾರಿ ತಪ್ಪುತ್ತದೆ. ಸೀಟಿನಲ್ಲಿ ಕೂತು ಆಡುವ ರೇಸು, ವಿಮಾನದ ಆಟಗಳಿಗೆ ಇದೇನೂ ಅಡ್ಡಿಯಲ್ಲ.

ಕರೆಂಟಿನ ಮಾತಿಗೆ ಬಂದರೆ ಪಿಎಸ್‌ವಿಆರ್ ಗೆಲ್ಲುತ್ತದೆ. ಪಿಎಸ್4 ಸ್ಲಿಮ್ ಆಡುವಾಗ ಎಳೆಯುವುದು ಸುಮಾರು 100 ವ್ಯಾಟ್. ಟಿವಿ ಸೇರಿಸಿದರೂ ಮನೆಯ ಇನ್ವರ್ಟರ್ ತಡೆಯುತ್ತದೆ. ಇನ್ವರ್ಟರ್ ಹಿಂಬದಿಯ ಸ್ವಿಚ್ಚು 'ಯುಪಿಎಸ್' ಕಡೆ ಇರಲಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಯಂತ್ರ ಆಫ್ ಆಗಿ, ಸೇವ್ ಆಗದ ಆಟ ಹೋಯಿತು. ವಿಆರ್ ಓಡಿಸುವ ಕಂಪ್ಯೂಟರ್ ಇದರ ಎರಡು ಮೂರು ಪಟ್ಟು ತಿನ್ನುತ್ತದೆ. 600 ವಿಎ ಯುಪಿಎಸ್ ಅದನ್ನು ಸರಿಯಾಗಿ ಶಟ್‌ಡೌನ್ ಮಾಡಲು ಸಮಯ ಕೊಡುತ್ತದೆ, ಅಷ್ಟೇ. ವೈವ್ ಆದರೆ ಬೇಸ್ ಸ್ಟೇಷನ್ ಎರಡಕ್ಕೂ ಬೇರೆ ಬೇರೆ ಪ್ಲಗ್, ಅವೂ ಬ್ಯಾಕಪ್ ಲೈನಿನಲ್ಲೇ ಇರಬೇಕು.

ಹೆಡ್‌ಸೆಟ್ ಕೆಡುವುದು ಆಟದಿಂದಲ್ಲ, ಥಂಡಿಯಿಂದ. ಆಗುಂಬೆ, ಹೊಸನಗರದ ಮಳೆಯಲ್ಲಿ ಹದಿನೈದು ದಿನ ಮುಟ್ಟದೆ ಇಟ್ಟರೆ ರಿಫ್ಟ್, ವೈವ್‌ನ ಮುಖದ ಫೋಮಿಗೆ ಬೂಷ್ಟು ಹಿಡಿಯುತ್ತದೆ. ಬೆವರು ಕುಡಿದ ಫೋಮಿಗಂತೂ ಖಂಡಿತ. ರೆಕ್ಸಿನ್ ಹೊದಿಕೆಯ ಪ್ಯಾಡ್ ಹಾಕಿ, ಆಡಿದ ಮೇಲೆ ಒರೆಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಲೆನ್ಸಿಗೆ ಸ್ಪಿರಿಟ್ ಮುಟ್ಟಿಸಬೇಡಿ, ಅದು ಪ್ಲಾಸ್ಟಿಕ್. ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಹೊಳವಾದ ಕೂಡಲೇ ಎಲ್ಲವನ್ನೂ ಅಂಗಳಕ್ಕೆ ತಂದು ಹರಡುವುದು ನಮ್ಮ ಕಡೆಯ ರೂಢಿ. ಹೆಡ್‌ಸೆಟ್ ಮಾತ್ರ ಆ ಸಾಲಿಗೆ ಬೇಡ. ಬಿಸಿಲು ಲೆನ್ಸಿನೊಳಗೆ ಬಿದ್ದರೆ ಭೂತಗನ್ನಡಿಯಂತೆ ಒಂದೆಡೆ ಸೇರಿ ಪರದೆಯನ್ನು ಸುಡುತ್ತದೆ. ಆ ಹಳದಿ ಕಲೆಗೆ ರಿಪೇರಿ ಇಲ್ಲ. ಗಾಜಿನ ಹೆಂಚಿನಿಂದ ನಡುಮನೆಗೆ ಬೀಳುವ ಬಿಸಿಲುಕೋಲೂ ಇದೇ ಕೆಲಸ ಮಾಡುತ್ತದೆ, ಜಾಗ ಬದಲಿಸುತ್ತ ಬರುವುದರಿಂದ ಗೊತ್ತೇ ಆಗುವುದಿಲ್ಲ.

ತಲೆಸುತ್ತಿನ ಬಗ್ಗೆ ಒಂದು ಮಾತು. ಘಾಟಿ ಬಸ್ಸಿನಲ್ಲಿ ಮೈಗೆ ತಿರುವು ಗೊತ್ತಾಗುತ್ತದೆ, ಮುಂದಿನ ಸೀಟು ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಇದು ತಿರುಗಾಮುರುಗಾ. ಹಾಗಾಗಿ ನಿಂತಲ್ಲೇ ಆಡುವ ಬೀಟ್ ಸೇಬರ್ ಥರದ ಆಟದಿಂದ ಶುರುಮಾಡಿ. ಸ್ಟಿಕ್ ಒತ್ತಿ ನಡೆಯುವ ಆಟ ಆಮೇಲೆ. ಬೆವರು ಕಿತ್ತುಕೊಂಡರೆ ತಕ್ಷಣ ತೆಗೆಯಿರಿ. ಸಹಿಸಿಕೊಂಡು ಆಡಿದರೆ ಅಭ್ಯಾಸವಾಗುವುದಿಲ್ಲ, ಮರುದಿನ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸುತ್ತದೆ.

ಈಗ ಹಳೆಯದನ್ನೇ ಕೊಳ್ಳುವುದಾದರೆ: ಪಿಎಸ್4 ಇದ್ದವರು ಪಿಎಸ್‌ವಿಆರ್ ತೆಗೆದುಕೊಳ್ಳಿ, ರೆಸಿಡೆಂಟ್ ಈವಿಲ್ 7 ಇಡೀ ಆಟವನ್ನು ಅದರಲ್ಲೇ ಆಡಬಹುದು. ಹಾಫ್-ಲೈಫ್: ಆಲಿಕ್ಸ್ ಆಡುವುದೇ ಗುರಿಯಾದರೆ ರಿಫ್ಟ್ ಅಥವಾ ವೈವ್ ಬೇಕು, ಜೊತೆಗೆ ಕನಿಷ್ಠ 6 ಜಿಬಿಯ ಜಿಟಿಎಕ್ಸ್ 1060, 12 ಜಿಬಿ ರ‍್ಯಾಮ್, ಹಳೇ 970 ಅಲ್ಲಿಗೆ ಸಾಲದು. ಅಗ್ಗಕ್ಕೆ ಸಿಗುತ್ತದೆಂದು ಮೈಕ್ರೋಸಾಫ್ಟ್‌ನ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ವ್ಯವಸ್ಥೆಯ ಹೆಡ್‌ಸೆಟ್ ಕೊಳ್ಳಬೇಡಿ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದರ ಬೆಂಬಲವನ್ನೇ ತೆಗೆದಿದ್ದಾರೆ. ರಿಫ್ಟ್ ನೋಡುವಾಗ ಹೆಡ್‌ಸೆಟ್ ಹಾಕಿಕೊಂಡೇ ವೈರನ್ನು ಬುಡದಲ್ಲಿ ಮೆಲ್ಲಗೆ ಬಗ್ಗಿಸಿ. ಚಿತ್ರ ಒಂದು ಸಲ ಮಿನುಗಿದರೂ ಬಿಟ್ಟುಬಿಡಿ, ಆ ವೈರು ಈಗ ತಯಾರಾಗುವುದಿಲ್ಲ. ಪಿಎಸ್‌ವಿಆರ್ ಆದರೆ ಪಿಎಸ್4ಗೂ ಹೆಡ್‌ಸೆಟ್‌ಗೂ ನಡುವೆ ಕೂರುವ ಪ್ರೊಸೆಸರ್ ಡಬ್ಬ, ಅದರ 12 ವೋಲ್ಟಿನ ಅಡಾಪ್ಟರ್, ಕ್ಯಾಮೆರಾ ಎಲ್ಲ ಇವೆಯಾ ನೋಡಿ. ಮೂವ್ ಕಂಟ್ರೋಲರುಗಳನ್ನು ಚಾರ್ಜಿನಿಂದ ಕಿತ್ತು ಅರ್ಧ ಗಂಟೆ ಆಡಿಸಿ, ವರ್ಷಗಟ್ಟಲೆ ಬೀರುವಿನಲ್ಲಿ ಕೂತವುಗಳ ಬ್ಯಾಟರಿ ಅಷ್ಟರಲ್ಲಿ ಕೈಕೊಡುತ್ತದೆ.