ಸಣ್ಣ ಕಾಲೇಜುಗಳ ಪಂದ್ಯ ತೋರಿಸುವ ಚಂದಾ ಸೇವೆ: ಒಂದು ಋತುವಿನ ಅನುಭವ

ನನ್ನ ಅಣ್ಣನ ಮಗಳು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೂರನೇ ಡಿವಿಷನ್ನಿನ ವಾಲಿಬಾಲ್ ತಂಡವೊಂದರಲ್ಲಿ ಆಡುತ್ತಾಳೆ. ಆ ಮಟ್ಟದ ಪಂದ್ಯಗಳು ಟಿವಿ ವಾಹಿನಿಗಳಲ್ಲಿ ಬರುವುದು ಅಪರೂಪವಾದ್ದರಿಂದ, ಸಣ್ಣ ಕಾಲೇಜುಗಳ ಆಟಗಳನ್ನೇ ನೇರಪ್ರಸಾರ ಮಾಡುವ ಸೇವೆಯೊಂದಕ್ಕೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಚಂದಾದಾರನಾಗಿದ್ದೆ.

ಆ್ಯಪ್‌ನ ಬಗ್ಗೆ ದೂರಿಲ್ಲ. ದೂರಿರುವುದು ಚಿತ್ರದ ಬಗ್ಗೆ. ಒಂದು ಪಂದ್ಯದಲ್ಲಿ ಗ್ಯಾಲರಿಯ ಮೇಲೆ ನಿಲ್ಲಿಸಿದ್ದ ಒಂದೇ ಕ್ಯಾಮೆರಾಕ್ಕೆ ಅಂಕಣದ ಎರಡೂ ತುದಿಗಳು ಕಾಣುತ್ತಿರಲಿಲ್ಲ. ಸರ್ವ್ ಮಾಡುವ ಹುಡುಗಿ ಚೌಕಟ್ಟಿನ ಹೊರಗೆ ನಿಂತಿರುತ್ತಿದ್ದಳು, ಚೆಂಡು ಮಾತ್ರ ಎಲ್ಲಿಂದಲೋ ಒಳಗೆ ಬರುತ್ತಿತ್ತು. ಮೂಲೆಯ ಅಂಕಪಟ್ಟಿ 17–15ರಲ್ಲೇ ನಿಂತಿದ್ದಾಗ ಆಟಗಾರ್ತಿಯರು ಸೆಟ್ ಮುಗಿಸಿ ಬದಿ ಬದಲಿಸುತ್ತಿದ್ದರು. ಅದೇ ವಾರ ಇನ್ನೊಂದು ಕಾಲೇಜಿನಿಂದ ಬಂದ ಪ್ರಸಾರದಲ್ಲಿ ಮೂರು ಕ್ಯಾಮೆರಾಗಳೂ ಮರುಪ್ರದರ್ಶನವೂ ಇದ್ದವು. ಚಂದಾ ಒಂದೇ ಆದರೂ ಸರಕು ಎರಡು ಬಗೆಯದು, ಏಕೆಂದರೆ ಈ ಸೇವೆ ಪ್ರಸಾರವನ್ನು ತಾನು ತಯಾರಿಸುವುದಿಲ್ಲ. ಆತಿಥೇಯ ಕಾಲೇಜು ಕಳುಹಿಸಿದ್ದನ್ನು ನಮಗೆ ದಾಟಿಸುತ್ತದೆ, ಅಷ್ಟೆ.

ಕಾಲೇಜುಗಳನ್ನು ದೂರುವುದೂ ಸುಲಭವಲ್ಲ. ನೋಡುವವರು ಇನ್ನೂರು ಜನರಿರಲಿ, ಇಪ್ಪತ್ತು ಲಕ್ಷವಿರಲಿ, ಕ್ಯಾಮೆರಾ, ಕೇಬಲ್, ಧ್ವನಿ, ಅವನ್ನು ನಡೆಸುವ ಜನ, ಇವುಗಳ ಖರ್ಚು ಒಂದು ಮಿತಿಗಿಂತ ಕೆಳಗಿಳಿಯುವುದಿಲ್ಲ. ವಾಲಿಬಾಲ್ ಮೂರು ಸೆಟ್‌ಗಳಲ್ಲಿ ಮುಗಿಯಬಹುದು, ಐದಕ್ಕೂ ಎಳೆಯಬಹುದು. ಹೀಗಾಗಿ ಗಂಟೆಯ ಲೆಕ್ಕದಲ್ಲಿ ಸಮಯ ಹಂಚುವ ವಾಹಿನಿಗಳಿಗೆ ಅದು ಒಗ್ಗುವುದಿಲ್ಲ. ಕಾಲೇಜು ಫುಟ್‌ಬಾಲ್ ಪ್ರಸಾರದ ಮೇಲೆ ಎನ್‌ಸಿಎಎಗಿದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ತಪ್ಪಿಸಿದ ಮೇಲೆ ದೊಡ್ಡ ಕಾಲೇಜುಗಳು ಪ್ರಸಾರದ ಹಕ್ಕನ್ನು ತಾವೇ ಮಾರತೊಡಗಿದವು, ಟಿವಿಯ ಹಣವೂ ಬಹುಮಟ್ಟಿಗೆ ಅವುಗಳ ಕಡೆಗೇ ಹರಿಯಿತು. ಮೂರನೇ ಡಿವಿಷನ್ನಿನ 400ಕ್ಕೂ ಹೆಚ್ಚು ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಅಂಥಲ್ಲಿ ಕ್ಯಾಮೆರಾಕ್ಕೆ ಹಣವೆಲ್ಲಿಂದ ಬರಬೇಕು? 2024ರ ಜನವರಿಯಲ್ಲಿ ಇಎಸ್‌ಪಿಎನ್ ಎಂಟು ವರ್ಷಗಳಿಗೆ 92 ಕೋಟಿ ಡಾಲರ್ ಕೊಟ್ಟು ಎನ್‌ಸಿಎಎಯ 40 ಚಾಂಪಿಯನ್‌ಷಿಪ್‌ಗಳ ಹಕ್ಕು ಪಡೆದದ್ದು ಒಳ್ಳೆಯ ಸುದ್ದಿಯೇ, ಆದರೆ ಮಂಗಳವಾರ ಸಂಜೆಯ ಲೀಗ್ ಪಂದ್ಯದ ಹೊಣೆ ಈಗಲೂ ಆತಿಥೇಯರದ್ದೇ.

ಕೆಲವು ಕಡೆ ಆಪರೇಟರ್ ಇಲ್ಲದ ಸ್ವಯಂಚಾಲಿತ ಕ್ಯಾಮೆರಾಗಳು ಬಂದಿವೆ. ಸ್ಕಾಟ್ಲೆಂಡಿನ ಫುಟ್‌ಬಾಲ್ ಪಂದ್ಯವೊಂದರಲ್ಲಿ 2020ರಲ್ಲಿ ಅಂಥದ್ದೊಂದು ಕ್ಯಾಮೆರಾ ಲೈನ್ಸ್‌ಮನ್‌ನ ಬೋಳುತಲೆಯನ್ನೇ ಚೆಂಡೆಂದು ಬೆನ್ನಟ್ಟಿತ್ತು. ನಾನು ಕಂಡದ್ದು ಅಷ್ಟು ತಮಾಷೆಯದಾಗಿರಲಿಲ್ಲ. ಟೈಮ್‌ಔಟ್ ಮುಗಿದ ಮೇಲೂ ಬೆಂಚಿನ ಬಳಿ ಚೆಂಡು ಪುಟಿಸುತ್ತಿದ್ದ ಬದಲಿ ಆಟಗಾರ್ತಿಯನ್ನೇ ಅದು ತೋರಿಸುತ್ತಿತ್ತು, ಎರಡು ಅಂಕ ಕೈತಪ್ಪಿದವು.

ಮನಸ್ಸಿಗೆ ಹಿಡಿಸಿದ್ದು ವೀಕ್ಷಕ ವಿವರಣೆ. ಮೈಕಿನ ಮುಂದೆ ಕೂರುವವರು ಹೆಚ್ಚಾಗಿ ಅದೇ ಕಾಲೇಜಿನ ವಿದ್ಯಾರ್ಥಿಗಳು. ತಡವರಿಸುತ್ತಾರೆ, ಪಕ್ಷಪಾತವನ್ನೂ ಮುಚ್ಚಿಡುವುದಿಲ್ಲ. ಆದರೆ ಯಾವ ಹುಡುಗಿ ಮೊಣಕಾಲಿನ ಪೆಟ್ಟಿನಿಂದ ಈಗಷ್ಟೇ ಚೇತರಿಸಿಕೊಂಡವಳು ಎಂಬುದು ಅವರಿಗೆ ಗೊತ್ತಿರುತ್ತದೆ.

ತಂಡದಲ್ಲಿ ನಿಮ್ಮವರು ಯಾರಾದರೂ ಇದ್ದರೆ ಈ ಸೇವೆಗೆ ಋತುವಿನ ಮಟ್ಟಿಗೆ ಹಣ ಕೊಡಬಹುದು. ಬರೀ ಆಟದ ರುಚಿಗಾಗಿ ಬೇಡ. ಯಾವ ಪಂದ್ಯಕ್ಕೆ ಎಷ್ಟು ಕ್ಯಾಮೆರಾ, ವಿವರಣೆ ಇದೆಯೋ ಇಲ್ಲವೋ ಎಂಬುದನ್ನು ವೇಳಾಪಟ್ಟಿಯಲ್ಲೇ ನಮೂದಿಸಿ ಎಂದು ಅವರಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.