ಒಂದು ಗ್ಲ್ಯಾಂಡ್, ಐದು ಸೈಜ್, ಒಂದೇ ಡ್ರಾಯಿಂಗ್: ಸಾಲಿಡ್‌ವರ್ಕ್ಸ್ ಬಳಸಿ ಕಂಡದ್ದು

ಹೈಡ್ರಾಲಿಕ್ ಸಿಲಿಂಡರ್ ಡ್ರಾಯಿಂಗ್ ಮಾಡುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 40, 50, 63, 80, 100 ಮಿ.ಮೀ. ಗ್ಲ್ಯಾಂಡ್, ಅಂದರೆ ರಾಡ್ ಹಾದುಹೋಗುವ ಸಿಲಿಂಡರ್ ಬಾಯಿಯ ಮುಚ್ಚಳ, ಅದರ ಆಕಾರ ಎಲ್ಲದಕ್ಕೂ ಒಂದೇ. ಒಳಗೆ ರಾಡ್ ಸೀಲ್ ಗ್ರೂವ್, ರಾಡ್ ಮೇಲಿನ ಧೂಳು ಒರೆಸುವ ವೈಪರ್‌ನ ಗ್ರೂವ್, ಹೊರಗೆ ಓ-ರಿಂಗ್ ಗ್ರೂವ್. ಬದಲಾಗುವುದು ಅಳತೆ ಮಾತ್ರ. ಅದಕ್ಕೆ ಐದು ಸಲ ಡ್ರಾಯಿಂಗ್ ಮಾಡುತ್ತಾ ಕೂತರೆ ಎರಡು ದಿನ ಹೋಯಿತು ಅಂತಲೇ ಲೆಕ್ಕ. ನಾನು ಬೆಳಗಾವಿಯ ಉದ್ಯಮಬಾಗ್ ಕಡೆ ಸಣ್ಣ ಸಣ್ಣ ಶಾಪ್‌ಗಳಿಗೆ ಡ್ರಾಯಿಂಗ್ ಮಾಡಿಕೊಡುತ್ತೇನೆ. ನಾನು ಬಳಸುವ 3D ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ 1995ರಿಂದ ಇದೆ, ಹೊಸದೇನಲ್ಲ. ಆದರೂ ವರ್ಷಗಟ್ಟಲೆ ಬಳಸಿದವರೇ ಪ್ರತಿ ಸೈಜ್‌ಗೂ ಮೊದಲಿನಿಂದ ಡ್ರಾಯಿಂಗ್ ಮಾಡುವುದನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಾರಿ ಕಾನ್ಫಿಗರೇಶನ್, ಅಂದರೆ ಒಂದೇ ಪಾರ್ಟ್‌ನ ಬೇರೆ ಬೇರೆ ಅಳತೆಯ ರೂಪಗಳು. ಪಾರ್ಟ್ ಫೈಲ್ ಒಂದೇ, ಒಳಗೆ ಐದು ಸೈಜ್. ಡಿಸೈನ್ ಟೇಬಲ್ ಅಂದರೆ ಒಂದು ಎಕ್ಸೆಲ್ ಶೀಟ್ ಅಷ್ಟೇ, ಸಾಲಿಗೊಂದು ಸೈಜ್. 63ರ ಶೀಟನ್ನು ಚೆನ್ನಾಗಿ ಮಾಡಿ ಮುಗಿಸಿ, ಅದನ್ನೇ ಕಾಪಿ ಮಾಡಿ, ವ್ಯೂ ಕ್ಲಿಕ್ ಮಾಡಿ ಕಾನ್ಫಿಗರೇಶನ್ 80 ಅಂತ ಆರಿಸಿದರೆ ರಾಡ್ ಕಡೆ 36 ಇದ್ದದ್ದು 45 ಆಗಿ ಕೂರುತ್ತದೆ, ಡೈಮೆನ್ಷನ್ ತಮ್ಮ ಜಾಗದಲ್ಲೇ ಇರುತ್ತವೆ. ಮೊದಲ ಸಲ ನೋಡಿದಾಗ ನಿಜಕ್ಕೂ ಖುಷಿಯಾಯಿತು. ಸೆಕ್ಷನ್ ವ್ಯೂ (ಕತ್ತರಿಸಿ ಒಳಭಾಗ ತೋರಿಸುವ ನೋಟ) ಕೂಡ ಬದಲಾಯಿತಾ ಅಂತ ಮಾತ್ರ ಒಮ್ಮೆ ಕಣ್ಣಾಡಿಸಿ.

ಇಲ್ಲೊಂದು ಕಡೆ ಹುಷಾರು. ರಾಡ್ ಹಾಯುವ 36ರ ತೂತಿಗೆ H8 ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚಬಹುದು ಅನ್ನುವ ಸ್ಟ್ಯಾಂಡರ್ಡ್ ಮಿತಿ) +0.039. ಅದನ್ನು ಕೈಯಲ್ಲಿ ಟೈಪ್ ಮಾಡಿಟ್ಟರೆ ಬೋರ್ 50ರ ಶೀಟ್‌ನಲ್ಲಿ ರಾಡ್ 28 ಆಗುತ್ತದೆ, ಟಾಲರೆನ್ಸ್ ಮಾತ್ರ ಅದೇ 0.039 ಉಳಿದುಬಿಡುತ್ತದೆ. ಇರಬೇಕಾದದ್ದು 0.033. ಟೈಪ್ ಮಾಡಬೇಡಿ, ಟಾಲರೆನ್ಸ್‌ನಲ್ಲಿ ಫಿಟ್ ಆರಿಸಿ H8 ಕೊಡಿ. ಅಳತೆ ಬದಲಾದ ಹಾಗೆ ಅದೂ ಬದಲಾಗುತ್ತದೆ.

ಡಿಸೈನ್ ಟೇಬಲನ್ನೇ ಡ್ರಾಯಿಂಗ್ ಮೇಲೆ ಹಾಕಿ, ಅಳತೆಯ ಜಾಗದಲ್ಲಿ A, B, C ಬರೆದು ಒಂದೇ ಶೀಟ್‌ನಲ್ಲಿ ಮುಗಿಸಲೂಬಹುದು. ಆಫೀಸಿನಲ್ಲಿ ಕೂತವರಿಗೆ ಇದು ಬಹಳ ಚೆಂದ ಕಾಣುತ್ತದೆ. ಲೇಥ್ ಹತ್ತಿರ ಒಯ್ದು ಕೊಟ್ಟಾಗ ಟರ್ನರ್ ಅಂದದ್ದು: "ಸರ್ರ, ನಾ ಮಶೀನ್ ನಡಸ್ಲೇನ್ರಿ, ಎ ಬಿ ಸಿ ಹುಡುಕ್ಕೋತ ಕುಂದರ್ಲೇನ್ರಿ?" ಅವರು ಹೇಳಿದ್ದೇ ಸರಿ. ಎಣ್ಣೆ ಕೈಯಲ್ಲಿ ಸಾಲು ತಪ್ಪಿ ಓದಿದರೆ ಒಂದು ಪೀಸ್ ಹೋಯಿತು. ಅವತ್ತಿನಿಂದ ಸೈಜ್‌ಗೊಂದು ಶೀಟ್ ಕೊಡುತ್ತೇನೆ, ಟೇಬಲ್ ಏನಿದ್ದರೂ ಕೊಟೇಶನ್‌ಗೆ.

ಬೇರೆ ಕಸ್ಟಮರ್‌ಗೆ ಬೇರೆ ಫೈಲೇ ಬೇಕು ಅಂದಾಗ ಎರಡನೇ ದಾರಿ, ಸಾಲಿಡ್‌ವರ್ಕ್ಸ್‌ನ ಪ್ಯಾಕ್ ಆಂಡ್ ಗೋ. ಪಾರ್ಟ್ ಮತ್ತು ಡ್ರಾಯಿಂಗ್ ಎರಡನ್ನೂ ಒಟ್ಟಿಗೆ ಹೊಸ ಹೆಸರಲ್ಲಿ ಕಾಪಿ ಮಾಡುತ್ತದೆ, ಹೊಸ ಡ್ರಾಯಿಂಗ್ ಹೊಸ ಪಾರ್ಟನ್ನೇ ಹಿಡಿದಿರುತ್ತದೆ. ಡ್ರಾಯಿಂಗ್ ಇಂಚೂ ಕದಲುವುದಿಲ್ಲ. ಆದರೆ ಪಾರ್ಟನ್ನು ಹೊಸದಾಗಿ ಮಾಡೆಲ್ ಮಾಡಿ, ಹಳೇ ಡ್ರಾಯಿಂಗ್‌ನಲ್ಲಿ ರೆಫರೆನ್ಸ್ ಬದಲಿಸಿ ತಂದು ಸೇರಿಸಿದಿರಿ ಅನ್ನಿ, ಅರ್ಧ ಡೈಮೆನ್ಷನ್ ಬಣ್ಣಗೆಟ್ಟು ಜೋತಾಡುತ್ತವೆ. ನಮ್ಮ ಕಣ್ಣಿಗೆ ಎರಡೂ ಪಾರ್ಟ್ ಒಂದೇ, ಆದರೆ ಸಾಫ್ಟ್‌ವೇರ್ ನೋಡುವುದು ಎಡ್ಜ್, ಫೇಸ್‌ಗಳ ಒಳಗಿನ ಗುರುತನ್ನು. ಹೊಸ ಮಾಡೆಲ್‌ನಲ್ಲಿ ಆ ಗುರುತೇ ಬೇರೆ. ಅವನ್ನು ಒಂದೊಂದಾಗಿ ಎಳೆದು ಕೂರಿಸುವುದಕ್ಕಿಂತ ಹೊಸ ಡ್ರಾಯಿಂಗ್ ಮಾಡುವುದೇ ಬೇಗ ಆಗುತ್ತದೆ. ಹಾಗಾಗಿ ಹಳೇ ಪಾರ್ಟನ್ನೇ ಕಾಪಿ ಮಾಡಿ ತಿದ್ದಿ, ಸುಮ್ನೆ ಹೊಸದು ಶುರು ಮಾಡಬೇಡಿ.

ನನ್ನ ಎಡವಟ್ಟೂ ಒಂದು ಹೇಳುತ್ತೇನೆ. ಶೀಟ್ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಪಾರ್ಟ್ ನಂಬರನ್ನು ಕಸ್ಟಮ್ ಪ್ರಾಪರ್ಟಿಗೆ (ಪಾರ್ಟ್ ಫೈಲ್‌ನಲ್ಲೇ ಇಡುವ ಮಾಹಿತಿಗೆ) ಲಿಂಕ್ ಮಾಡದೆ, ಅರ್ಜೆಂಟಲ್ಲಿ ನೇರವಾಗಿ ಬರೆದಿದ್ದೆ. ಶೀಟ್ ಕಾಪಿ ಆಯಿತು, ಅಳತೆ ಎಲ್ಲ ಬದಲಾಯಿತು, ನಂಬರ್ ಬದಲಾಗಲಿಲ್ಲ. 80ರ ಗ್ಲ್ಯಾಂಡ್ ಮೇಲೆ 63ರ ನಂಬರ್ ಪಂಚ್ ಆಗಿ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಸಾಲಾಗಿ ಕೂತಿದ್ದವು. ನೋಡಿ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಒಂದು ಶೀಟ್‌ನಲ್ಲಿ ಎರಡು ಪಾರ್ಟ್‌ಗಳ ವ್ಯೂ ಇದ್ದರೆ, ಯಾವ ವ್ಯೂನಿಂದ ಪ್ರಾಪರ್ಟಿ ತಗೊಳ್ಳಬೇಕು ಅಂತ ಶೀಟ್ ಪ್ರಾಪರ್ಟೀಸ್‌ನಲ್ಲಿ ಹೇಳಬೇಕು, ಅದನ್ನೂ ಮರೆಯಬೇಡಿ.

ಐದರಲ್ಲಿ ನಾಲ್ಕು ಸ್ಟಾರ್. ಸೈಜ್ ಎರಡೇ ಇದ್ದರೆ ಡಿಸೈನ್ ಟೇಬಲ್ ತಂಟೆಗೇ ಹೋಗಬೇಡಿ, ಪ್ಯಾಕ್ ಆಂಡ್ ಗೋ ಸಾಕು. ನಾಲ್ಕೈದು ದಾಟಿದರೆ ಕಾನ್ಫಿಗರೇಶನ್‌ಗೆ ಒಂದು ದಿನ ಕೊಡಿ. ಒಂದು ಸ್ಟಾರ್ ಕತ್ತರಿಸಿದ್ದು ಫೈಲ್ ಭಾರಕ್ಕೆ. ಸೈಜ್ ಜಾಸ್ತಿ ಆದ ಹಾಗೆ ಫೈಲ್ ಊದಿಕೊಳ್ಳುತ್ತದೆ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ನಲವತ್ತು ಸೈಜಿನ ಬುಶ್ ಫೈಲ್ ತೆರೆಯಲು ಕೊಟ್ಟು ಚಹಾ ಕುಡಿದು ಬರುತ್ತೇನೆ.